ಸಾಕವ್ವನ ಬಳ್ಳಿ

ಹ್ಞೂಂ, ಈ ಕಡೆ ತಿರುಗಿ ಮಲಕ್ಕೋ. ಕಾಲು ಹೊದಿಕೆ ಒಳಗಿಡು. ಇವತ್ತು ತಟ್ಟೇಲಿ ಅರ್ಧ ಅನ್ನ ಬಿಟ್ಟು, ಕೈ ಅಡ್ಡ ಹಿಡಿದು, ಸಾಕು ಅಜ್ಜೀ, ಸಾಕು ಅಂದೆಯಲ್ಲ, ಅದಕ್ಕೇ ಇವತ್ತು ಆ ಸಾಕಿನ ಕತೆಯನ್ನೇ ಹೇಳ್ತೀನಿ. ಮಧ್ಯ ಮಧ್ಯ ಹ್ಞೂಂ ಅಂತಿರಬೇಕು. ನೀನು ಹ್ಞೂಂ ಅನ್ನದೆ ಇದ್ದರೆ ಕತೆ ಮುನಿಸಿಕೊಂಡು ಅಲ್ಲೇ ನಿಂತುಬಿಡುತ್ತೆ, ಆಮೇಲೆ ನನ್ನ ಕೇಳಬೇಡ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಅವರಜ್ಜಿ ಹೀಗೇ ಬೆನ್ನು ತಟ್ಟಿ ಮಲಗಿಸ್ತಿದ್ದ ಕಾಲದಲ್ಲಿ, ಒಂದು ದೊಡ್ಡ ಕಲ್ಲುಗುಡ್ಡ ಇತ್ತಂತೆ. ಗುಡ್ಡದ ಮೇಲೊಂದು ಕೋಟೆ, ಕೋಟೆಯೊಳಗೊಬ್ಬ ದೊರೆ, ದೊರೆಗೊಬ್ಬಳು ವಯಸ್ಸಾದ ತಾಯಿ. ಆ ತಾಯೀನ ಎಲ್ಲರೂ ದೊಡ್ಡಮ್ಮಣ್ಣಿ ಅಂತ ಕರೀತಿದ್ದರಂತೆ. ಕೋಟೆ ಬಾಗಿಲ ಪಕ್ಕದಲ್ಲೇ ತೋಟಗಾರ ಬೊಮ್ಮಣ್ಣನ ಮನೆ. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡೋಳು ಹೊನ್ನಿ, ನಡುವಿನೋಳು ಚೆನ್ನಿ. ಮೂರನೆಯವಳು ಹುಟ್ಟಿದ ವಾರಕ್ಕೇ ಅವರವ್ವ ಜ್ವರ ಬಂದು ತೀರಿಕೊಂಡುಬಿಟ್ಟಳಂತೆ. ಹೋಗೋ ಮುಂಚೆ ಒಂದೇ ಒಂದು ಮಾತು ಆಡಿದ್ದು. ಏನು ಅಂತೀಯಾ? ಸಾಕು, ಅಂದಳಂತೆ, ಅಷ್ಟೇ.

ಆಗ ಪಕ್ಕದಲ್ಲಿದ್ದೋಳು ಬೊಮ್ಮಣ್ಣನ ತಂಗಿ ನಂಜವ್ವ ಒಬ್ಬಳೇ. ಅವಳು ಅಳ್ತಾ ಹೊರಗೆ ಬಂದು, ಅತ್ತಿಗೆ ಸಾಕು ಅಂದು ಕಣ್ಣು ಮುಚ್ಚಿಬಿಟ್ಟಳು ಅಂದಳಂತೆ. ಊರಿನೋರೆಲ್ಲ ಸೇರಿ, ಅಯ್ಯೋ ಪಾಪ, ಮೂರನೇದೂ ಹೆಣ್ಣಾಯ್ತಲ್ಲ, ಬೇಸತ್ತು ಹಾಗಂದಿರಬೇಕು ಅಂತ ಅವರೇ ತೀರ್ಮಾನ ಮಾಡಿದರು. ಆಮೇಲೆ ತೊಟ್ಟಿಲಿಗೆ ಹಾಕೋ ದಿನ ಮಗು ಕಿವೀಲಿ ಅದನ್ನೇ ಹೆಸರು ಅಂತ ಊದಿದರು, ಸಾಕವ್ವ ಅಂತ. ಆಗೆಲ್ಲ ಹಾಗೇ ಕಣೇ, ಹೆಣ್ಣು ಹೆಚ್ಚಾದ ಮನೇಲಿ ಸಾಕವ್ವ, ಸಾಕಮ್ಮ ಅಂತ ಇಟ್ಟುಬಿಡೋರು, ಇನ್ನು ಹೆಣ್ಣು ಬೇಡ ಅನ್ನೋದು ದೇವರಿಗೆ ಕೇಳಿಸಲಿ ಅಂತ. ದೇವರಿಗೆ ಕೇಳಿಸ್ತೋ ಬಿಡ್ತೋ, ಆ ಮಗುವಿಗಂತೂ ದಿನಾ ಕೇಳಿಸ್ತಿತ್ತು.

ನಂಜವ್ವನಿಗೆ ಆಗ ಮದುವೆ ಗೊತ್ತಾಗಿತ್ತಂತೆ. ಸೀರೆನೂ ತಂದಾಗಿತ್ತು. ಈ ಹಸುಗೂಸನ್ನ ಬಿಟ್ಟು ಹೇಗೆ ಹೋಗೋದು ಅಂತ ಒಂದು ವರ್ಷ ತಡೆದಳು, ಆಮೇಲೆ ಇನ್ನೊಂದು ವರ್ಷ ತಡೆದಳು, ಅಷ್ಟರಲ್ಲಿ ಆ ಹುಡುಗ ಬೇರೆ ಮದುವೆ ಆಗಿ ಮಕ್ಕಳನ್ನೂ ಮಾಡಿಕೊಂಡ. ಹೀಗಾಗಿ ನಂಜವ್ವ ಅಣ್ಣನ ಮನೇಲೇ ಉಳಿದಳು. ಸಾಕವ್ವನಿಗೆ ಎದೆಹಾಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟಳಂತೆ, ಮೀಯಿಸಿದಳು, ಹೇನು ತೆಗೆದಳು, ಜ್ವರ ಬಂದರೆ ಎದ್ದು ಕೂತಳು. ಆದರೆ ಬಾಯಿ ಮಾತ್ರ, ಅಪ್ಪಾ, ಮೆಣಸಿನಕಾಯಿ. ಕೋಪ ಬಂದಾಗೆಲ್ಲ, ನಿಮ್ಮವ್ವ ನಿನ್ನ ನೋಡಿ ಸಾಕು ಅಂದು ಹೊರಟುಹೋದಳು, ನನಗೆ ಸಾಕು ಅನ್ನೋಕೂ ಬಿಡುವಿಲ್ಲ ನೋಡು ಅನ್ನೋಳಂತೆ.

ಅದೊಂದು ಮಾತು ಸಾಕವ್ವನ ಎದೇಲಿ ಕೂತುಬಿಡ್ತು. ಬೇರೆ ಏನು ಬೈದರೂ ನಗ್ತಿದ್ದಳು, ಇದೊಂದಕ್ಕೆ ಮಾತ್ರ ಮೂಲೆ ಸೇರಿ ಕೂರ್ತಿದ್ದಳು. ನಮ್ಮವ್ವ ನನ್ನ ಮುಖ ನೋಡಿ ಬೇಡ ಅಂದಳಲ್ಲ, ನಾನೇನು ಮಾಡಿದ್ದೆ ಅಂಥಾದ್ದು, ಹುಟ್ಟಿ ಒಂದು ವಾರಕ್ಕೆ? ಯಾರನ್ನ ಕೇಳೋದು, ಹೇಳೋಳೇ ಇಲ್ಲ. ಹೊಸಬರು ಯಾರಾದರೂ ಹೆಸರು ಕೇಳಿದರೆ, ಬೊಮ್ಮಣ್ಣನ ಮಗಳು ಅಂದು ಓಡಿಬಿಡೋಳಂತೆ. ಹ್ಞೂಂ ಅಂದೆಯಾ? ಸರಿ.

ಇತ್ತ ಕೋಟೇಲಿ ಏನಾಯ್ತು ಅಂದರೆ, ಗಂಡ, ಅಂದರೆ ದೊಡ್ಡ ದೊರೆ, ಸತ್ತ ಮೇಲೆ ದೊಡ್ಡಮ್ಮಣ್ಣಿ ಊಟ ಬಿಟ್ಟುಬಿಟ್ಟಳಂತೆ. ಪೂರ್ತಿ ಅಲ್ಲ, ಎರಡು ತುತ್ತು ತಿನ್ನೋದು, ಕೈ ಅಡ್ಡ ಹಿಡಿಯೋದು, ಸಾಕು ಅನ್ನೋದು. ಥೇಟ್ ನಿನ್ನ ಹಾಗೇ. ಅವಳು ಕೂರೋ ಜಗಲಿ ಎದುರಿಗೆ ಒಂದು ದೊಡ್ಡ ಕಲ್ಲುಗೋಡೆ ಇತ್ತು, ಬೋಳು ಬೋಳು, ಒಂದು ಹಸಿರು ಎಲೆ ಇಲ್ಲ. ಬಿಸಿಲು ಆ ಗೋಡೆಗೆ ಬಡಿದು ವಾಪಸ್ಸು ಬಂದು ಅವಳ ಕಣ್ಣಿಗೆ ಚುಚ್ಚೋದು. ದೊರೆ ಬಂದು ಅವ್ವಾ ಇನ್ನೊಂದು ತುತ್ತು ಅಂತ ಅಂಗಲಾಚಿದರೆ, ಕಣ್ಣು ಉರೀತಿರೋವಾಗ ಬಾಯಿಗೆ ರುಚಿ ಎಲ್ಲಿಂದ ಬರಬೇಕು ಮಗಾ, ಸಾಕು ಬಿಡು ಅನ್ನೋಳು. ದಿನಾ ಅವಳಿಗೆ ಮುಡಿಯೋಕೆ ಹೂ ತಗೊಂಡು ಹೋಗ್ತಿದ್ದೋಳು ಯಾರು? ನಮ್ಮ ಸಾಕವ್ವ. ಕಂಬದ ಮರೇಲಿ ನಿಂತು ಆ ಮಾತು ಕೇಳಿಸಿಕೊಂಡಾಗೆಲ್ಲ ಇವಳಿಗೆ ತನ್ನ ಅವ್ವನೇ ಹಾಗಂದ ಹಾಗೆ ಆಗೋದಂತೆ. ಈ ಮುದುಕಮ್ಮನ ಬಾಯಿಂದ ಆ ಮಾತು ಹೋಗಬೇಕಲ್ಲಪ್ಪಾ, ನಾನು ಕೇಳಲಾರೆ ಅಂದುಕೊಂಡಳು.

ಆಮೇಲೆ ದೊರೆ ಡಂಗುರ ಹೊಡೆಸಿದನಂತೆ. ಆ ಗೋಡೆಗೆ ಯಾರು ಹಸಿರು ಹೊದಿಸ್ತಾರೋ, ಜಗಲಿಗೆ ಯಾರು ನೆರಳು ತರ್ತಾರೋ, ಅವರು ಕೇಳಿದ್ದು ಕೊಡ್ತೀನಿ ಅಂತ.

ಮೊದಲು ಹೊನ್ನಿ ಹೋದಳು. ದುಂಡುಮಲ್ಲಿಗೆ ಬಳ್ಳಿ ತಂದು, ಗೋಡೆ ಬುಡದಲ್ಲಿ ಬಿಸಿಲು ಚೆನ್ನಾಗಿ ಬೀಳೋ ಕಡೆ ನೆಟ್ಟು, ಕೊಡಗಟ್ಟಲೆ ನೀರು ಹೊತ್ತಳು. ಬೇಸಿಗೆ ಬಂತು ನೋಡು, ಬುಡದ ಕಲ್ಲು ಕಾದು ಹೆಂಚಾಯ್ತು, ಬೇರು ಬೆಂದುಹೋಯ್ತು. ಹೊನ್ನಿ ಕೊಡ ಬಿಸಾಕಿ, ಈ ಗೋಡೆಗೆ ನನ್ನ ನಮಸ್ಕಾರ ಅಂದಳಂತೆ. ಆಮೇಲೆ ಚೆನ್ನಿ ಹೋದಳು. ಅವಳು ಶಂಖಪುಷ್ಪದ ಬಳ್ಳಿ ಹಾಕಿದಳು. ಅದೇನೋ ಚೆನ್ನಾಗೇ ಎದ್ದಿತು, ಆದರೆ ಕೋಟೆಯ ಆಡುಗಳು ಒಂದು ಬೆಳಗ್ಗೆ ಬಂದು ಊಟದೆಲೆ ಬಳಿದು ಚೊಕ್ಕಟ ಮಾಡೋ ಹಾಗೆ ಮೇಯ್ದು ಹೋದವು. ಮಿಕ್ಕಿದ್ದನ್ನ ಗಾಳಿ ಕಿತ್ತುಕೊಂಡು ಹೋಯ್ತು. ಚೆನ್ನಿ ಆಡಿಗೂ ಬೈದಳು, ಗಾಳಿಗೂ ಬೈದಳು, ಮನೆಗೆ ಬಂದು ಮಲಗಿದಳು. ಇನ್ನು ಉಳಿದೋಳು ಮೂರನೆಯವಳು.

ಸಾಕವ್ವ ಸೌದೆಗೆ ಅಂತ ಗುಡ್ಡದ ಹಿಂದೆ ಹೋಗ್ತಿದ್ದಳಲ್ಲ, ಅಲ್ಲೊಂದು ದಿನ ಏನು ನೋಡಿದಳು ಗೊತ್ತಾ? ಮಳೆಗಾಲ ಮುಗಿದು ಬಿಸಿಲು ಬಿದ್ದಿತ್ತು. ಒಂದು ಮುಳ್ಳುಪೊದೆ ಪೊದೆಯೇ ಬೆಳ್ಳಗಾಗಿಬಿಟ್ಟಿತ್ತಂತೆ. ಹತ್ತಿರ ಹೋದರೆ ಮುಳ್ಳಿನದಲ್ಲ ಆ ಹೂವು, ಒಂದು ಬಳ್ಳೀದು. ಸಣ್ಣ ಸಣ್ಣ ಬಿಳೀ ಹೂ, ಗೊಂಚಲು ಗೊಂಚಲು, ಘಮ ಘಮ. ಈ ಬಳ್ಳಿಯ ಬುಡ ಎಲ್ಲಿದೆ ಅಂತ ಬಗ್ಗಿ, ತೆವಳಿ, ಹುಡುಕಿಕೊಂಡು ಹೋದಳು. ಬುಡ ಇದ್ದಿದ್ದು ಒಂದು ಹೆಬ್ಬಂಡೆಯ ಅಡೀಲಿ. ಕೈ ಇಟ್ಟರೆ ತಣ್ಣಗೆ, ಮಡಕೆ ನೀರಿನ ಹಾಗೆ. ತಲೆ ಮಾತ್ರ ಮೇಲೆ ಬಿಸಿಲಲ್ಲಿ ನಗ್ತಾ ಇತ್ತು. ಓಹೋ, ನಿನಗೆ ಕಾಲು ತಣ್ಣಗಿರಬೇಕೋ, ತಲೆ ಬೆಚ್ಚಗಿರಬೇಕೋ ಅಂತ ಅವಳು ಅದರ ಜೊತೆ ಮಾತಾಡಿದಳಂತೆ.

ಆ ಬಂಡೆ ಪಕ್ಕ ಒಂದು ಗುಡಿಸಲು. ಅದರಲ್ಲಿ ಮಾರಜ್ಜಿ ಅಂತ ಒಬ್ಬಳು ಮುದುಕಿ ಇದ್ದಳು. ತಲೆ ತುಂಬ ಬೆಳ್ಳನೆ ಕೂದಲು, ಬಾಯಲ್ಲಿ ಎರಡೇ ಹಲ್ಲು. ಒಂದು ಮಾತಿಗೆ ಒಂದು ಹಲ್ಲು ಖರ್ಚಾಗುತ್ತೇನೋ ಅನ್ನೋ ಹಾಗೆ ಮಾತಲ್ಲಿ ಬಲು ಜಿಪುಣಿ ಅಂತೆ. ಅಜ್ಜೀ, ನನಗೊಂದು ಬುಡ ಕೊಡ್ತೀಯಾ ಅಂದರೆ, ಮಳೇಲಿ ಬಾ ಅಂದಳು. ಸಾಕವ್ವ ಮೊದಲ ಮಳೆ ಬಿದ್ದ ದಿನವೇ ತೊಪ್ಪೆಯಾಗಿ ಓಡಿದಳು. ಮುದುಕಿ ಬಂಡೆ ಅಡೀಲಿ ಕೆದಕಿ, ಬೇರು ಸಮೇತ ಒಂದು ಕಡ್ಡಿ ತೆಗೆದಳು. ಒಣಕಲು ಕಡ್ಡಿ ಕಣೇ, ಒಲೆಗೂ ಬೇಡ ಅನ್ನೋ ಹಾಗಿತ್ತು. ಅದನ್ನ ತಂದು ಸಾಕವ್ವನ ಮಡಿಲಿಗೆ ಹಾಕಿದಳು, ಅವಳ ಕೈ ಎತ್ತಿ ಅದರ ಮೇಲೆ ಮುಚ್ಚಿದಳು, ಸಾಕು ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಾಕವ್ವ ತಿರುಗಿ ಹೊರಟಳು. ಅಯ್ಯೋ, ಇವಳೂ ನನ್ನ ನೋಡಿ ಸಾಕು ಅಂದಳಲ್ಲ, ಮಳೇಲಿ ನೆನೆದು ಬಂದೋಳಿಗೆ ಒಳಗೆ ಬಾ ಅನ್ನಬಾರದಿತ್ತಾ? ಅಂತ ಕಣ್ಣೊರೆಸ್ತಾ ಅರ್ಧ ದಾರಿ ಬಂದಳು. ಬಂದೋಳು ತಟ್ಟನೆ ನಿಂತಳು. ಮಡಿಲು ನೋಡಿಕೊಂಡಳು. ಅಲ್ಲಾ, ಮುದುಕಿ ಇದನ್ನ ಕೊಟ್ಟು ಸಾಕು ಅಂದಳಲ್ಲವಾ, ಸಾಕು ಅಂದರೆ, ನೀನು ಇದನ್ನ ಸಾಕು, ಬೆಳೆಸು ಅಂತ! ಹಸು ಸಾಕು, ನಾಯಿ ಸಾಕು ಅನ್ನಲ್ಲವಾ ನಾವು, ಹಾಗೆ. ನನ್ನ ಬುದ್ಧಿಗಿಷ್ಟು ಅಂತ ತಲೆ ಚಚ್ಚಿಕೊಂಡು, ಮಳೇಲೇ ಒಬ್ಬಳೇ ನಕ್ಕಳಂತೆ. ಆ ಮಾತಿಗೆ ಇನ್ನೊಂದು ಅರ್ಥ ಇದೆ ಅಂತ ಅವಳಿಗೆ ಹೊಳೆದಿದ್ದು ಅವತ್ತೇ ಮೊದಲು.

ಆಮೇಲೆ ಎಲ್ಲಿ ನೆಡೋದು? ಅವಳು ಯೋಚನೆ ಮಾಡಿದಳು. ಆ ಗೋಡೆಯ ಮೂಲೇಲಿ ಕಾಲು ತೊಳೆಯೋ ಚಪ್ಪಡಿ ಇತ್ತು. ಆಗ ಯಾರು ಮನೆಗೆ ಬಂದರೂ ಮೊದಲು ಕಾಲಿಗೆ ನೀರು ಕೊಡೋದು, ಆಮೇಲೇ ಬಾ ಕೂರು ಅನ್ನೋದು. ಕೋಟೆಗೆ ಬಂದ ನೆಂಟರು, ಆಳುಕಾಳು, ಎಲ್ಲರೂ ಅಲ್ಲೇ ಕಾಲಿಗೆ ನೀರು ಹಾಕಿಕೊಂಡು ಒಳಗೆ ಹೋಗೋರು. ಚಪ್ಪಡಿ ಪಕ್ಕದ ಮಣ್ಣು ಯಾವಾಗಲೂ ತಂಪು, ನಿಂತ ನೀರೂ ಇಲ್ಲ, ಇಳಿದುಹೋಗೋದು. ಬಾರವ್ವಾ, ನೀನೂ ನಮ್ಮನೆಗೆ ಬಂದ ನೆಂಟಳು, ನಿನಗೂ ಕಾಲಿಗೆ ನೀರು ಅಂತ ಹೇಳಿ ಅಲ್ಲೇ ಆಳವಾಗಿ ಗುಂಡಿ ತೋಡಿ, ಹಳೇ ಗೊಬ್ಬರ ಹಾಕಿ ನೆಟ್ಟಳು. ಬುಡಕ್ಕೆ ಬಿಸಿಲು ತಾಗದ ಹಾಗೆ ಸುತ್ತ ಚಪ್ಪಟೆ ಕಲ್ಲು ಜೋಡಿಸಿದಳಂತೆ.

ಮೊದಲನೇ ವರ್ಷ ಆ ಕಡ್ಡಿ ಏನು ಮಾಡ್ತು? ಏನೂ ಮಾಡಲಿಲ್ಲ. ನಾಲ್ಕು ಎಲೆ ಬಿಟ್ಟುಕೊಂಡು ಸುಮ್ಮನೆ ಕೂತಿತ್ತು, ಗಂಡನ ಮನೆಗೆ ಹೊಸದಾಗಿ ಬಂದ ಹೆಣ್ಣು ಕದದ ಹಿಂದೆ ನಿಂತಿರುತ್ತಲ್ಲ, ಹಾಗೆ. ಹೊನ್ನಿ, ಚೆನ್ನಿ ಇಬ್ಬರೂ ಬಂದು, ಎಲ್ಲಿ ನಿನ್ನ ಚಪ್ಪರ, ತಲೆ ಬಗ್ಗಿಸಿ ನಡೀಬೇಕಾ ಅಂತ ಆಡಿಕೊಂಡರು. ಆಡುಗಳೂ ಬಂದು ಎಲೆ ಮೂಸಿ, ಒಂದು ಚೂರು ಕಚ್ಚಿ, ಥೂ ಅಂತ ಮುಖ ತಿರುಗಿಸಿ ಹೋದವು. ಬದುಕಿದೆಯಾ ಬಡಜೀವವೇ ಅಂತ ಸಾಕವ್ವ ಕೈ ಮುಗಿದಳು.

ಎರಡನೇ ವರ್ಷ ಮೊಣಕಾಲೆತ್ತರಕ್ಕೆ ತೆವಳಿತು, ನಾಲ್ಕು ಹೂ ಬಿಡ್ತು. ಆಮೇಲೆ ಬೇಸಿಗೆ ಬಂತು, ಬಳ್ಳಿಯೆಲ್ಲ ಕಂದು ಬಣ್ಣಕ್ಕೆ ತಿರುಗಿ ಒಣಗಿ ಪುರಲೆ ಸೌದೆಯಾಗಿ ನಿಂತುಬಿಡ್ತು. ಸಾಕವ್ವ ಅಲ್ಲಿಲ್ಲದ ಹೊತ್ತಲ್ಲಿ ನಂಜವ್ವ ಬಂದಳು, ನೋಡಿದಳು, ಸತ್ತಿದ್ದಕ್ಕೆ ಎಷ್ಟು ದಿನ ನೀರು ಹೊರ್ತೀಯಾ ಅಂತ ಗೊಣಗಿ, ಕುಡುಗೋಲು ತಗೊಂಡು ಬುಡದ ಹತ್ತಿರಕ್ಕೆ ಕಚಕ್ ಅಂತ ಕುಯ್ದು, ಹೊರೆ ಕಟ್ಟಿ ಒಲೆಗೆ ಹಾಕಿಬಿಟ್ಟಳಂತೆ! ಅಳಬೇಡ, ಅಳಬೇಡ, ಕೇಳು. ಸಾಕವ್ವ ಬಂದು ನೋಡಿದರೆ ಗೇಣುದ್ದದ ಮೋಟು. ಅವಳು ಯಾವತ್ತೂ ಎದುರು ಮಾತಾಡಿದೋಳಲ್ಲ, ಅವತ್ತು ಮಾತ್ರ, ಅತ್ತೇ, ಇದಕ್ಕೂ ಸಾಕು ಅಂದುಬಿಟ್ಟೆಯಾ ಅಂತ ಗೋಳೋ ಅಂದಳಂತೆ. ಅವತ್ತು ಇಬ್ಬರೂ ಉಣ್ಣಲಿಲ್ಲ.

ಅಷ್ಟಾದರೂ ಸಾಕವ್ವ ಮೋಟಿಗೆ ನೀರು ಹೊಯ್ಯೋದು ಬಿಡಲಿಲ್ಲ. ಬುಡ ಇದೆಯಲ್ಲ, ಬೇರು ಇದೆಯಲ್ಲ ಅಂತ ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಆಮೇಲೆ ಮುಂಗಾರು ಬಿತ್ತು. ಒಂದು ಬೆಳಗ್ಗೆ ಎದ್ದು ಹೋಗಿ ನೋಡ್ತಾಳೆ, ಮೋಟಿನ ಬುಡದಿಂದ ದಪ್ಪ ದಪ್ಪ ಚಿಗುರು, ಒಂದಲ್ಲ ಎರಡಲ್ಲ, ಸುತ್ತಲೂ ಮುತ್ತಿಕೊಂಡು ಬಂದಿವೆ! ಆ ಬಳ್ಳಿಯ ಜಾತಿಯೇ ಹಾಗಂತೆ ಕಣೇ. ಕುಯ್ದರೆ ಸಾಯಲ್ಲ, ಹಳೇದು ಹೋಗಿ ಹೊಸ ಸೊಕ್ಕಲ್ಲಿ ಬರುತ್ತೆ. ನಂಜವ್ವ ಕುಡುಗೋಲು ಆಡಿಸದೆ ಇದ್ದಿದ್ದರೆ ಇನ್ನೂ ಆ ನಾಲ್ಕೇ ಹೂ ಇರ್ತಿತ್ತೋ ಏನೋ, ಯಾರಿಗೆ ಗೊತ್ತು.

ಅದು ಗೋಡೆ ಹತ್ತೋಕೆ ನೋಡ್ತು, ಆಗಲಿಲ್ಲ. ಅದಕ್ಕೆ ಬೇರಿನ ಉಗುರಿಲ್ಲ, ಸುರುಳಿ ಕೈ ಇಲ್ಲ, ಎಲೆಯ ತೊಟ್ಟನ್ನೇ ಬಳಸಿ ಹಿಡ್ಕೊಳ್ಳುತ್ತೆ, ನೀನು ಚಿಕ್ಕೋಳಿದ್ದಾಗ ನನ್ನ ಸೆರಗು ಹಿಡ್ಕೊಳ್ತಿದ್ದೆಯಲ್ಲ, ಹಾಗೆ. ದಪ್ಪ ಕಲ್ಲನ್ನ ಆ ಪುಟ್ಟ ಕೈ ಹೇಗೆ ಹಿಡಿಯುತ್ತೆ? ನಂಜವ್ವ ಇದನ್ನ ನೋಡಿದಳು. ಒಳಗೆ ಹೋಗಿ ನಾರು ತಂದು, ಕಾಲು ಚಾಚಿ ಕೂತು, ಸಣ್ಣ ಹುರಿ ಹೊಸೆದಳು, ಹೊಸೆದಳು, ಹೊಸೆದಳು. ಇಬ್ಬರೂ ಸೇರಿ ಗೋಡೆ ತುಂಬ ಆ ಹುರಿಯ ಬಲೆ ಕಟ್ಟಿದರು, ಜಗಲಿ ಮೇಲಕ್ಕೂ ಎಳೆದರು. ಅವಳು ತಪ್ಪಾಯ್ತು ಅನ್ನಲಿಲ್ಲ, ಇವಳು ಪರವಾಗಿಲ್ಲ ಅನ್ನಲಿಲ್ಲ. ಹುರಿ ಹೊಸೆದಿದ್ದೇ ಅದಾಗಿತ್ತು.

ಆಮೇಲೆ ಮೂರನೇ ವರ್ಷ! ಹ್ಞೂಂ ಅನ್ನು. ಮೂರನೇ ವರ್ಷ ಆ ಬಳ್ಳಿಗೆ ಏನು ಬಂತೋ, ಬೆಳಗ್ಗೆ ಇದ್ದ ಕಡೆ ಸಂಜೆಗೆ ಇರ್ತಿರಲಿಲ್ಲವಂತೆ. ಗೋಡೆ ಹತ್ತಿತು, ಗೋಡೆ ದಾಟಿತು, ಜಗಲಿ ಮೇಲೆ ಚಪ್ಪರವಾಗಿ ಹಬ್ಬಿತು. ಮಳೆ ಮುಗಿದು ಬಿಸಿಲು ಬಿದ್ದ ಕೂಡಲೇ ಹೂ ಬಿಡ್ತು ನೋಡು, ಎಲೆಯೇ ಕಾಣದಷ್ಟು. ಕೋಟೆಯೊಳಗೆಲ್ಲ ಘಮ, ಜೇನುಹುಳ ಜುಂಯ್ ಅಂತ. ದೊಡ್ಡಮ್ಮಣ್ಣಿ ಜಗಲಿಗೆ ಬಂದು ಕೂತಳು, ಕಣ್ಣು ಬಿಟ್ಟಳು, ಬಹಳ ಹೊತ್ತು ಹಾಗೇ ನೋಡಿದಳು. ಆಮೇಲೆ, ಏನು ಮಾಡಿದ್ದೀರಿ ಇವತ್ತು ಅಡಿಗೆ ಅಂತ ಕೇಳಿದಳಂತೆ. ರಾಗಿಮುದ್ದೆ, ಅವರೆಕಾಳಿನ ಸಾರು ಅಂದರು. ತನ್ನಿ ಅಂದಳು. ಒಂದು ಮುದ್ದೆ ಉಂಡಳು, ಇನ್ನರ್ಧ ಹಾಕಿಸಿಕೊಂಡಳು, ಸಾರು ಸುರಿಸಿಕೊಂಡಳು, ಮಜ್ಜಿಗೆ ಕುಡಿದಳು. ದೊರೆ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡ್ತಿದ್ದ. ಕೊನೆಗೆ ಅವಳು ಡರ್ ಅಂತ ತೇಗಿ, ಹೊಟ್ಟೆ ಸವರಿಕೊಂಡು, ಸಾಕು ಕಣವ್ವಾ, ತೃಪ್ತಿಯಾಯ್ತು ಅಂದಳು. ಕಂಬದ ಮರೇಲಿದ್ದ ಸಾಕವ್ವನಿಗೆ ಅದೇ ಮಾತು ಕಿವಿಗೆ ಬಿತ್ತು, ಈ ಸಲ ಚುಚ್ಚಲಿಲ್ಲ. ಹಾಲು ಕುಡಿದ ಹಾಗಾಯ್ತಂತೆ.

ಆಮೇಲೆ ದೊಡ್ಡಮ್ಮಣ್ಣಿ ಅವಳನ್ನ ಹತ್ತಿರ ಕರೆದು, ನನ್ನ ಕಣ್ಣು ತಂಪು ಮಾಡಿದೋಳೇ, ನಿನ್ನ ಹೆಸರೇನೇ ಅಂತ ಕೇಳಿದಳು. ಸಾಕವ್ವ ಸೆರಗು ತಿರುಚ್ತಾ, ಬೊಮ್ಮಣ್ಣನ ಮಗಳು ಅಮ್ಮಣ್ಣೀ ಅಂದಳು. ಅಪ್ಪನ ಹೆಸರಲ್ಲ, ನಿನ್ನ ಹೆಸರು ಅಂದರೆ ತಲೆ ಬಗ್ಗಿಸಿದಳು. ಹುರಿ ಬಿಗಿ ಮಾಡೋಕೆ ಬಂದಿದ್ದ ನಂಜವ್ವ ಅಲ್ಲೇ ಇದ್ದಳಲ್ಲ, ಅವಳೇ ಮುಂದೆ ಬಂದು, ಸಾಕವ್ವ ಅಂತ ಅಮ್ಮಣ್ಣೀ, ಇವರವ್ವನ ಕೊನೇ ಮಾತದು ಅಂದಳು. ಹೇಗೆ ಅಂದಳು, ಸರಿಯಾಗಿ ಹೇಳು ಅಂತ ದೊಡ್ಡಮ್ಮಣ್ಣಿ ಕೇಳಿದಳು. ನಂಜವ್ವ ಕಣ್ಣೊರೆಸಿಕೊಂಡು ಹೇಳಿದಳು, ಹೇಗೆ ಅಂದರೆ ಅಮ್ಮಣ್ಣೀ, ನಾನು ಪಕ್ಕದಲ್ಲಿ ಕೂತಿದ್ದೆ, ಅತ್ತಿಗೆಗೆ ಮಾತಾಡೋಕೆ ಶಕ್ತಿ ಇರಲಿಲ್ಲ, ಕೂಸನ್ನ ಎತ್ತಿ ನನ್ನ ಮಡಿಲಿಗೆ ಹಾಕಿದಳು, ನನ್ನ ಕೈ ಎಳೆದು ಅದರ ಮೇಲೆ ಮುಚ್ಚಿದಳು, ಸಾಕು ಅಂದಳು, ಅಷ್ಟೇ.

ಸಾಕವ್ವ ತಲೆ ಎತ್ತಿದಳು. ಇಷ್ಟು ವರ್ಷ ಅವಳಿಗೆ ಬರೀ ಆ ಮಾತು ಹೇಳಿದ್ದರು, ಮಡಿಲಿನ ವಿಷಯ ಯಾರೂ ಹೇಳಿರಲಿಲ್ಲ. ಅವಳಿಗೆ ಮಳೆ ಕಂಡಿತು, ಮಾರಜ್ಜಿ ಕಂಡಳು, ಮಡಿಲಲ್ಲಿ ಒಣಕಲು ಕಡ್ಡಿ ಕಂಡಿತು. ಅತ್ತೇ, ಅಂದಳು, ಬೇಡ ಅನ್ನೋರು ತಟ್ಟೆ ದೂರ ತಳ್ಳಿ ಸಾಕು ಅಂತಾರೆ, ಮಡಿಲಿಗೆ ಹಾಕಿ, ಕೈ ಮುಚ್ಚಿ ಅಂತಾರಾ? ಅವ್ವ ನಿನಗೆ ಹೇಳಿದ್ದು, ನಂಜೀ, ಇದನ್ನ ನೀನು ಸಾಕು ಅಂತ.

ನಂಜವ್ವ ನಿಂತೋಳು ಹಾಗೇ ನೆಲಕ್ಕೆ ಕೂತಳಂತೆ. ಅಯ್ಯೋ ನನ್ನ ಕಿವಿಗೆ ಬೆಂಕಿ ಹಾಕ, ನಾನು ಏನು ಕೇಳಿಸಿಕೊಂಡೆ, ಈ ಮಗುವಿಗೆ ದಿನಾ ಏನು ಹೇಳಿದೆ ಅಂತ ಹಣೆ ಹಣೆ ಬಡ್ಕೊಂಡು ಅತ್ತಳು. ಸಾಕವ್ವ ಓಡಿಹೋಗಿ ಅವಳ ಎರಡೂ ಕೈ ಹಿಡ್ಕೊಂಡಳು. ಕೇಳಿಸಿಕೊಂಡಿದ್ದು ತಪ್ಪಾದರೇನತ್ತೆ, ಮಾಡಿದ್ದು ಸರಿಯಾಗೇ ಮಾಡಿದೆಯಲ್ಲ ನೀನು. ಅವ್ವ ಹೇಳಿದ ಹಾಗೇ ಸಾಕಿದೆಯಲ್ಲ. ನನಗೋಸ್ಕರ ಮದುವೆ ಬಿಟ್ಟೆ, ನಿದ್ದೆ ಬಿಟ್ಟೆ, ಈ ಬಳ್ಳೀನೂ ನೀನು ಕುಯ್ದಿದ್ದಕ್ಕೇ ಇಷ್ಟೆತ್ತರ ಬಂತು. ನಿನ್ನ ಋಣ ನಾನು ಯಾವಾಗ ತೀರಿಸಲಿ ಅಂದಳಂತೆ. ಇಬ್ಬರೂ ತಬ್ಬಿಕೊಂಡು ಅತ್ತರು, ದೊಡ್ಡಮ್ಮಣ್ಣಿಯೂ ಅತ್ತಳು, ದೊರೆ ಕಣ್ಣಿಗೆ ಏನೋ ಬಿದ್ದೋನ ಹಾಗೆ ಆ ಕಡೆ ತಿರುಗಿಕೊಂಡ.

ಆಮೇಲೆ ದೊರೆ, ಕೇಳು ತಾಯೀ, ಏನು ಬೇಕು, ಬಂಗಾರ ಬೇಕಾ, ಹೊಲ ಬೇಕಾ ಅಂದ. ಸಾಕವ್ವ ಬಳ್ಳಿ ನೋಡಿದಳು, ಅತ್ತೆ ಮುಖ ನೋಡಿದಳು, ನಕ್ಕಳು, ಸಾಕು ದೊರೆ ಅಂದಳಂತೆ. ಅದು ಬೇಡ ಅನ್ನೋ ಸಾಕಲ್ಲ, ಸಾಕಿಕೋ ಅನ್ನೋ ಸಾಕೂ ಅಲ್ಲ. ಹೊಟ್ಟೆ ತುಂಬಿದ ಸಾಕು.

ಅವತ್ತಿಂದ ಯಾರು ಹೆಸರು ಕೇಳಿದರೂ ತಲೆ ಎತ್ತಿ, ಸಾಕವ್ವ ಅಂತ ಗಟ್ಟಿಯಾಗಿ ಹೇಳೋಳು. ಹೂ ಉದುರಿದ ಮೇಲೆ ಆ ಬಳ್ಳಿ ತುಂಬ ಬೆಳ್ಳನೆ ಎಳೆ ಎಳೆ ಬೀಜ ಬಂತು, ಮಾರಜ್ಜಿ ತಲೆಕೂದಲಿನ ಹಾಗೆ. ಅವಳು ಅದನ್ನ ಸೆರಗಿನ ತುಂಬ ತುಂಬಿಕೊಂಡು ಮೊದಲು ಮಾರಜ್ಜಿ ಹತ್ತಿರ ಹೋಗಿ ಕಾಲಿಗೆ ಬಿದ್ದು ಬಂದಳು. ಆಮೇಲೆ ಊರಿನ ಮನೆ ಮನೆಗೂ ಹೋಗಿ ಹೆಂಗಸರ ಮಡಿಲಿಗೆ ಒಂದೊಂದು ಚಿಟಿಕೆ ಹಾಕಿ, ಕೈ ಮುಚ್ಚಿ, ಸಾಕು ಅಂದಳು. ಹೊನ್ನಿ, ಚೆನ್ನಿಗೂ ಕೊಟ್ಟಳು. ಸಾಕವ್ವನಿಗೆ ಮದುವೆನೂ ಆಯ್ತಂತೆ, ನಂಜತ್ತೆಯನ್ನ ಜೊತೆಗೇ ಕರಕೊಂಡು ಹೋದಳಂತೆ. ಹುಡುಗ ಯಾರು ಅಂತ ನನ್ನ ಕೇಳಬೇಡ, ನಮ್ಮಜ್ಜಿ ಅಲ್ಲಿಗೆ ಬರೋಷ್ಟರಲ್ಲಿ ನನಗೆ ನಿದ್ದೆ ಬಂದುಬಿಡ್ತಿತ್ತು.

ನಮ್ಮ ಹಿತ್ತಲಲ್ಲಿ ಬಚ್ಚಲ ಗೋಡೆ ಮೇಲೆ ಹಬ್ಬಿದೆಯಲ್ಲ, ನಿಮ್ಮಮ್ಮ ಯಾವುದೋ ಪುಸ್ತಕ ನೋಡಿ ಕ್ಲೆಮಾಟಿಸ್ ಅಂದಳಲ್ಲ, ಆ ಹೆಸರು ನನ್ನ ಬಾಯಿಗೆ ಹೊರಳಲ್ಲಪ್ಪ, ಅದೇ ಸಾಕವ್ವನ ಬಳ್ಳಿ. ನಮ್ಮಜ್ಜಿ ನನ್ನ ಮಡಿಲಿಗೆ ಹಾಕಿದ್ದು. ನಾಳೆ ಸ್ನಾನ ಮಾಡುವಾಗ ಒಂದು ಚೊಂಬು ನೀರು ಅದರ ಕಾಲಿಗೂ ಹಾಕು, ಆಯ್ತಾ? ಎಲ್ಲಿ, ಕೈ ಕೊಡು. ಹೀಗೆ ಮುಚ್ಚಿಕೋ. ಈಗ ಏನೂ ಇಲ್ಲ ಅದರಲ್ಲಿ, ಬೀಜ ಬಂದಾಗ ಹಾಕ್ತೀನಿ.

ಕತೆ ಮುಗೀತು, ಸಾಕವ್ವ ಅಲ್ಲಿ ಸುಖವಾಗಿದ್ದಾಳೆ, ನಾವಿಲ್ಲಿ ಬೆಚ್ಚಗಿದ್ದೀವಿ. ಏನು, ಇನ್ನೊಂದಾ? ಊಹೂಂ. ನನ್ನ ಹತ್ತಿರ ಒರಗಿಕೊಂಡು ಮಲಗಿದ್ದೀಯಲ್ಲ ಕೂಸೇ, ನನಗಿಷ್ಟು ಸಾಕು. ಯಾವ ಸಾಕು ಅಂತ ಈಗ ನಿನಗೇ ಗೊತ್ತಲ್ಲ.